ಕೊಡೆ ಹಿಡಿದು ನಿಂತ ಬೇಹುಗಾರ

ಶುಕ್ರವಾರದ ಕೊನೆಯ ಪೀರಿಯಡ್ಡಿನಲ್ಲಿ ನಮ್ಮ ಮಿಷನ್ ಶಾಲೆಯ ಟೀಚರಮ್ಮ ಬೈಬಲಿನಲ್ಲಿ ಬರುವ ಇಬ್ರಿಯರೆಂಬ ಹಳೆಯ ಕಾಲದ ಜನರ ಕಥೆ ಹೇಳುತ್ತಿದ್ದರು. ಹಿಂದೂ ಮಕ್ಕಳು ಬೇಕಿದ್ದರೆ ಮನೆಗೆ ಹೋಗಬಹುದಿತ್ತು. ಹೋದರೆ ಅಮ್ಮ ರುಬ್ಬುವ ಕಲ್ಲಿನ ಮುಂದೆ ಕೂರಿಸುತ್ತಿದ್ದಳು. ಹಾಗಾಗಿ ನನ್ನ ಭಕ್ತಿ ಬಹಳ ಗಟ್ಟಿಯಾಗಿತ್ತು. ರಾಯಪುರಂನ ಸೆಕೆ, ಬಂದರಿನಿಂದ ಹಡಗಿನ ಕೂಗು, ಟೀಚರಮ್ಮನ ಮೆಲುದನಿಯ ತಮಿಳು ಎಲ್ಲ ಸೇರಿ ಕಣ್ಣು ಎಳೆಯುತ್ತಿತ್ತು. ಅರೆನಿದ್ದೆಯಲ್ಲಿ ನಾನೂ ಆ ಜನರ ಜೊತೆ ಮರಳುಗಾಡಿನಲ್ಲಿ ನಡೆಯುತ್ತಿದ್ದೆ. ಮರಳುಗಾಡು ಎಂದರೆ ನನಗೆ ನಮ್ಮ ಮೀನುಗಾರರ ಕಡಲತೀರವೇ. ಬಲೆಗಳು ಮಾತ್ರ ಇರುತ್ತಿರಲಿಲ್ಲ.

ಅಪ್ಪಯ್ಯ ಬಂದರಿನ ಹತ್ತಿರದ ಉಡುಪಿ ಹೋಟೆಲೊಂದರಲ್ಲಿ ಅಡುಗೆಗಿದ್ದ. ಅವನ ಕೈಯ ಸಾಂಬಾರಿಗೆಂದೇ ದೂರದಿಂದ ಜನ ಬರುತ್ತಿದ್ದರು. ಆ ವರ್ಷ, ಐವತ್ತರ ದಶಕದ ನಡುವಿನಲ್ಲಿ, ಪುರಸೈವಾಕ್ಕಂನಲ್ಲಿ ಒಂದು ಅಂಗಡಿ ಖಾಲಿಯಾಯಿತು. ಸ್ವಂತ ಹೋಟೆಲು ಇಡುವುದಾದರೆ ಅಪ್ಪಯ್ಯನಿಗೇ ಕೊಡುತ್ತೇನೆ, ದೀಪಾವಳಿಯವರೆಗೆ ಕಾಯುತ್ತೇನೆ ಎಂದು ಅಂಗಡಿಯ ಯಜಮಾನಿ ಮಾತು ಕೊಟ್ಟಳು. ಅಮ್ಮ ಆಗಲೇ ದೇವರ ಪಟ ಯಾವ ಗೋಡೆಗೆ ಎಂದು ಯೋಚಿಸತೊಡಗಿದ್ದಳು.

ರಜೆಯ ದಿನ ಅಪ್ಪಯ್ಯ ನನ್ನನ್ನೂ ಕರೆದುಕೊಂಡು ಜಾಗ ನೋಡಲು ಹೋಗುತ್ತಿದ್ದ. ಅವನು ನೋಡುತ್ತಿದ್ದದ್ದು ಖಾಲಿ ಅಂಗಡಿಯನ್ನಲ್ಲ, ಅದರ ಎದುರಿಗಿದ್ದ ದೊಡ್ಡ ಹೋಟೆಲನ್ನು. ಜವಳಿ ಅಂಗಡಿಗಳ ಗದ್ದಲದ ನಡುವೆ ಕೊಡೆ ಬಿಚ್ಚಿ ನಿಂತನೆಂದರೆ ಮುಗಿಯಿತು. ನನ್ನ ಕಾಲು ನೋಯುವವರೆಗೂ ಅಲ್ಲಾಡುತ್ತಿರಲಿಲ್ಲ. ಸುತ್ತಲಿನ ಬಣ್ಣದ ಸೀರೆಗಳು ಗಾಳಿಗೆ ತೇಲುತ್ತಿದ್ದವು, ಜನ ತೇಲುತ್ತಿದ್ದರು, ನಾವಿಬ್ಬರು ಮಾತ್ರ ನೆಲಕ್ಕೆ ಅಂಟಿಕೊಂಡಿದ್ದೆವು.

ಮನೆಗೆ ಬಂದು ವರದಿ ಒಪ್ಪಿಸುತ್ತಿದ್ದ. “ಅಲ್ಲಿ ಅಮೃತಶಿಲೆಯ ಮೇಜು ಉಂಟು ಮಾರಾಯ್ತಿ. ಗೋಡೆ ತುಂಬ ಕನ್ನಡಿ. ಫ್ಯಾನಿನ ಗಾಳಿಗೆ ಕಾಫಿ ತಣ್ಣಗಾಗ್ತದೆ.”

“ತಣ್ಣಗಾದ್ರೆ ಒಳ್ಳೇದಾಯ್ತಲ್ಲ. ಬಿಸಿ ಬೇಕಾದವರು ನಮ್ಮಲ್ಲಿಗೆ ಬರ್ತಾರೆ,” ಎಂದಳು ಅಮ್ಮ.

ಆ ವಾರವೇ ಟೀಚರಮ್ಮ ಬೇಹುಗಾರರ ಕಥೆ ಹೇಳಿದರು. ದೇವರು ಕೊಡುತ್ತೇನೆಂದ ನಾಡನ್ನು ನೋಡಿ ಬರಲು ಹನ್ನೆರಡು ಜನ ಹೋದರು. ಇಬ್ಬರು ಹೊರಬೇಕಾದಷ್ಟು ದೊಡ್ಡ ದ್ರಾಕ್ಷಿ ಗೊಂಚಲು ತಂದರು. ಆದರೂ ಹತ್ತು ಜನ, ಅಲ್ಲಿ ದೈತ್ಯರಿದ್ದಾರೆ, ಅವರೆದುರು ನಾವು ಮಿಡತೆಗಳು ಎಂದು ಅತ್ತರು. ಉಳಿದಿಬ್ಬರು ಹೋಗೋಣ ಎಂದರು. “ಆ ಇಬ್ಬರೂ ಅದೇ ದೈತ್ಯರನ್ನು ನೋಡಿದ್ದರು. ದೈತ್ಯರಿಲ್ಲ ಎಂದು ಅವರು ಹೇಳಲಿಲ್ಲ,” ಎಂದು ಟೀಚರಮ್ಮ ಒತ್ತಿ ಹೇಳಿದರು. ಜನ ಹತ್ತು ಮಂದಿಯ ಮಾತು ನಂಬಿ ನಲವತ್ತು ವರ್ಷ ಮರಳಿನಲ್ಲೇ ಅಲೆದರು.

ಊಟಕ್ಕೆ ಕೂತಾಗ ನಾನು ಇದನ್ನು ಹೇಳಿದೆ. ಅಮ್ಮ ಬಡಿಸುವ ಕೈ ನಿಲ್ಲಿಸಿದಳು.

“ಮಿಡತೆ ಅಂತ ಹೇಳಿದ್ದು ದೈತ್ಯರಾ?”

“ಅಲ್ಲ, ಇವರೇ ಅಂದುಕೊಂಡದ್ದು.”

ಅಮ್ಮ ಅಪ್ಪಯ್ಯನ ಮುಖ ನೋಡಿದಳು. ಅವನಿಗೆ ಅರ್ಥವಾಯಿತು. “ಅವರಿಗೆ ದೇವರೇ ಮಾತು ಕೊಟ್ಟಿದ್ದ. ನನಗೆ ಯಾರು ಕೊಟ್ಟಿದ್ದಾರೆ?” ಎಂದ.

“ದೇವರು ಮಾತು ಕೊಟ್ಟ ಮೇಲೂ ಹೆದರಿದ್ರಲ್ಲ. ಹೆದರುವವರಿಗೆ ಯಾರು ಹೇಳಿದ್ರೂ ಅಷ್ಟೆ,” ಎಂದಳು ಅಮ್ಮ. ಅಪ್ಪಯ್ಯ ಮಜ್ಜಿಗೆ ಹಾಕಿಸಿಕೊಳ್ಳದೆ ಎದ್ದ.

ದೀಪಾವಳಿ ಬಂತು, ಹೋಯಿತು. ಅಂಗಡಿಯಲ್ಲಿ ಪಾತ್ರೆ ವ್ಯಾಪಾರದವನು ಬಂದು ಕೂತ. ಅಮ್ಮ ಅದರ ಬಗ್ಗೆ ಮತ್ತೆ ಬಾಯಿ ಬಿಡಲಿಲ್ಲ. ಬೈದಿದ್ದರೆ ಮನೆಯಲ್ಲಿ ಉಸಿರಾಡಲು ಸುಲಭವಾಗುತ್ತಿತ್ತು.

ನಾನು ಹೈಸ್ಕೂಲಿಗೆ ಬಂದ ಮೇಲೆ ಒಂದು ಸಂಜೆ, ಆ ದೊಡ್ಡ ಹೋಟೆಲಿನ ಹಳೆಯ ಸಪ್ಲೈಯರ್ ಒಬ್ಬರು ತಮ್ಮ ಮಗಳ ಮದುವೆಗೆ ಕರೆಯಲು ನಮ್ಮ ಮನೆಗೆ ಬಂದರು. ನಮ್ಮ ಊರಿನ ಕಡೆಯವರೇ. ಕಾಫಿ ಕುಡಿಯುತ್ತ ನಕ್ಕು ಹೇಳಿದರು: “ನೀವು ಕೊಡೆ ಹಿಡ್ಕೊಂಡು ನಿಲ್ತಿದ್ರಲ್ಲ, ನಮ್ಮ ಧಣಿಗಳಿಗೆ ಊಟವೇ ಸೇರ್ತಿರಲಿಲ್ಲ. ಇವರು ಎದುರಿಗೆ ಬಂದ್ರೆ ನಮ್ಮ ಕಥೆ ಮುಗೀತು ಅಂತ ಬೇರೆ ಊರಲ್ಲಿ ಜಾಗ ಹುಡುಕಲಿಕ್ಕೆ ಹೊರಟಿದ್ರು.”

“ನನಗೆ ಹೆದರಿದ್ರಾ?” ಎಂದ ಅಪ್ಪಯ್ಯ. ಅವನ ಮುಖ ಅರಳಿತು. ಇನ್ನೊಮ್ಮೆ ಕೇಳಿ ಹೇಳಿಸಿಕೊಂಡ. ಜೋರಾಗಿ ನಗಲು ಶುರುಮಾಡಿದವನು ನಡುವೆಯೇ ನಿಲ್ಲಿಸಿಬಿಟ್ಟ.

“ಆಗ ಯಾಕೆ ಬಂದು ಹೇಳಲಿಲ್ಲ?” ಅಮ್ಮ ಕೇಳಿದಳು.

“ಎದುರು ಪಕ್ಷದವರು ಬಂದು ಹೇಳ್ತಾರಾ ಅಕ್ಕ?” ಎಂದರು ಅವರು. ಅದೂ ಸರಿಯೇ. ನನಗೆ ಅಪ್ಪಯ್ಯನ ಮೇಲೆ ಸಿಟ್ಟು ಬಂತು. ಆ ನಿಂತ ನಗು ನೋಡಿ ಅಳುವೂ ಬಂತು.

ಹೈಸ್ಕೂಲಿನಲ್ಲೂ ಶುಕ್ರವಾರದ ಕಥೆ ಅದೇ ಟೀಚರಮ್ಮನದೇ. ಮುಂದಿನ ತಿಂಗಳು ಅವರು ಆ ಬೇಹುಗಾರರ ಕಥೆಯನ್ನು ಬಿಟ್ಟಲ್ಲಿಂದ ಮುಂದುವರಿಸಿದಂತೆ ಇನ್ನೊಂದು ಹೇಳಿದರು. ನಲವತ್ತು ವರ್ಷದ ನಂತರ ಆ ಜನರ ಮಕ್ಕಳು ಮತ್ತೆ ಇಬ್ಬರು ಬೇಹುಗಾರರನ್ನು ಕಳಿಸಿದರು. ಕೋಟೆಗೋಡೆಯ ಮೇಲಿನ ಮನೆಯ ಹೆಂಗಸೊಬ್ಬಳು ಅವರನ್ನು ಬಚ್ಚಿಟ್ಟು ಕಾಪಾಡಿ, ನಿಮ್ಮ ಸುದ್ದಿ ಕೇಳಿದಂದಿನಿಂದ ನಮ್ಮವರ ಎದೆ ಒಡೆದುಹೋಗಿದೆ ಎಂದಳಂತೆ. ಅಂದರೆ ದೈತ್ಯರು ಇಷ್ಟು ಕಾಲ ಮಿಡತೆಗಳಿಗೆ ಹೆದರಿ ಕೂತಿದ್ದರು. ಅಳುತ್ತ ಕೂತ ಹಿರಿಯರು ಮಾತ್ರ ಅದನ್ನು ತಿಳಿಯದೆಯೇ ಮರಳಿನಲ್ಲಿ ಮಣ್ಣಾಗಿದ್ದರು, ಪಾಪ, ಎಂದರು ಟೀಚರಮ್ಮ.

ನನಗೆ, ತಿಳಿಯದೆ ಸತ್ತ ಆ ಹಿರಿಯರೇ ಪುಣ್ಯವಂತರು ಎನಿಸಿತು.

ಮನೆಗೆ ಬಂದಾಗ ಅಪ್ಪಯ್ಯ ಜಗಲಿಯಲ್ಲಿ ಕೂತಿದ್ದ. “ಇವತ್ತು ಎಂತ ಕಥೆ ಹೇಳಿದ್ರು ಮಗಾ?” ಎಂದು ಕೇಳಿದ.

“ಟೀಚರಮ್ಮ ಬರಲಿಲ್ಲ,” ಎಂದೆ.