ನಾನು ಮತ್ತು ಒಂದು ಹೊಸ ಚೆಂಡು

ನನ್ನನ್ನು ಕೋಪರಖೈರಣೆಯವರಿಗೆ ಕೊಟ್ಟುಬಿಡಿ ಎಂದು ಮೊದಲು ಬಾಯಿ ತೆಗೆದವರು ನನ್ನ ಅತ್ತೆಯೇ. ಅದೂ ತುಂಬಿದ ಸಭೆಯಲ್ಲಿ, ಇಡ್ಲಿಗೆ ಸಾಂಬಾರು ಸುರಿದುಕೊಳ್ಳುತ್ತ.

ಡೊಂಬಿವಲಿ, ಕಲ್ಯಾಣ, ಠಾಣೆ, ಕೋಪರಖೈರಣೆ, ಈ ನಾಲ್ಕು ಕಡೆಯ ಕನ್ನಡದ ಹೆಂಗಸರು ಚಳಿಗಾಲದ ಭಾನುವಾರಗಳಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತೇವೆ. ನಗುವವರು ನಗಲಿ. ಬ್ಯಾಂಕಿನವರು, ಟೀಚರುಗಳು, ಟಿಫಿನ್ ಮಾಡಿ ಕೊಡುವವರು ಎಲ್ಲರೂ ಇದ್ದೇವೆ. ನಾನು ಡೊಂಬಿವಲಿಯ ಸೆಂಟರ್. ಎಂದರೆ ಬುಟ್ಟಿಯ ಕೆಳಗೆ ನಿಂತು, ಎಷ್ಟು ನೂಕಿದರೂ ಜರುಗದೆ, ಮೇಲಿಂದ ಬಿದ್ದ ಚೆಂಡನ್ನು ಕಸಿಯುವವಳು. ಧಾರವಾಡದಲ್ಲಿ ನನ್ನನ್ನು ನೋಡಲು ಬಂದ ಗಂಡಿನ ಕಡೆಯವರೆಲ್ಲ "ಹುಡುಗಿ ಭಾಳ ಉದ್ದ ಆತು" ಎಂದು ಅವಲಕ್ಕಿ ತಿಂದು ಎದ್ದು ಹೋಗುತ್ತಿದ್ದರು. ಆ ಉದ್ದ ಯಾರಿಗಾದರೂ ಬೇಕಾದದ್ದು ಇಲ್ಲಿ, ಆ ಬುಟ್ಟಿಯ ಕೆಳಗೆ. ಆ ಜಾಗವನ್ನು ಸುಮ್ಮನೆ ಬಿಟ್ಟುಕೊಡುವವಳು ನಾನಲ್ಲ.

ಕಳೆದ ಚಳಿಗಾಲ ಕಲ್ಯಾಣದವರ ಮೇಲೆ ಆಡುವಾಗ ಜಿಗಿದು ಇಳಿದೆ, ಬಲ ಮೊಣಕಾಲು ಹೊರಳಿತು. ಡಾಕ್ಟರು ತಿಂಗಳುಗಟ್ಟಲೆ ಕೂರಿಸಿ, ಕೊನೆಗೆ "ಆಡಿ, ಜಿಗಿಯಬೇಡಿ" ಎಂದರು. ಪ್ರತಿ ಸಂಜೆ ಎಣ್ಣೆ ಕಾಯಿಸಿ ಆ ಮೊಣಕಾಲು ತಿಕ್ಕಿದವರು ಅತ್ತೆ. ಎಲ್ಲಿ ನೋವು, ಎಷ್ಟು ಬಾಗುತ್ತದೆ ಎಂಬುದು ನನಗಿಂತ ಅವರ ಬೆರಳಿಗೆ ಚೆನ್ನಾಗಿ ಗೊತ್ತು.

ಆಟ ಶುರುವಾಗುವ ಮೊದಲು ನಮ್ಮಲ್ಲಿ ಒಂದು ದಿನ ಅದಲಾಬದಲಿ ನಡೆಯುತ್ತದೆ. ಅಮೆರಿಕದ ತಂಡಗಳು ಹಾಗೆ ಆಟಗಾರರನ್ನು ಬದಲಾಯಿಸಿಕೊಳ್ಳುವುದನ್ನು ಯಾರೋ ಟೀವಿಯಲ್ಲಿ ನೋಡಿ ಹಚ್ಚಿದ ಹುಚ್ಚು. ತೀರ್ಮಾನಿಸುವವರು ಆಡುವವರಲ್ಲ, ನೋಡುವವರು, ಒಂದು ಆಟವನ್ನೂ ತಪ್ಪಿಸದ ನನ್ನ ಅತ್ತೆಯಂಥವರು. ವಾರವಿಡೀ ಲೋಕಲ್ ಟ್ರೇನಿನಲ್ಲಿ ಇದೇ ಮಾತು. ಯಾರಿಗೆ ಯಾರು ಸಮ, ಯಾರ ಕಾಲು ಎಷ್ಟು ವರ್ಷ ಬಂದೀತು. ಕೊನೆಗೆ ನಮ್ಮ ಮ್ಯಾನೇಜರರ ಹೋಟೆಲಿನ ಒಳಕೋಣೆಯಲ್ಲಿ ಸಭೆ. ಅವರು ಉಡುಪಿ ಕಡೆಯವರು, ಯಾರನ್ನೂ ನೋಯಿಸುವವರಲ್ಲ. ಯಾರ ಮಾತು ನಡೆದಿದೆಯೋ ಅವಳು ಹೊರಗಿರಬೇಕು, ಹೇಳುವವರಿಗೆ ಸಂಕೋಚವಾಗಬಾರದೆಂದು. ನಾನು ಬಾಗಿಲ ಪಕ್ಕದ ಬೇಸಿನ್ನಿನಲ್ಲಿ ತೊಳೆದ ಕೈಯನ್ನೇ ಮತ್ತೆ ತೊಳೆಯುತ್ತ ನಿಂತೆ. ಎಲ್ಲ ಕೇಳಿಸುತ್ತಿತ್ತು.

"ಆಕೀನ್ನ ಕೊಟ್ಟು, ಅವರ ಆ ಓಡೋ ಹುಡುಗೀನ್ನ ತಗೋರಿ. ಮೊಣಕಾಲು ಹೋದ ಸೆಂಟರ್ ಇಟಗೊಂಡು ಪೂಜಾ ಮಾಡ್ತೀರೇನು?" ಇದು ಅತ್ತೆ.

"ಹಾಗಲ್ಲ ಮಾರಾಯ್ರೆ," ಎಂದರು ಮ್ಯಾನೇಜರು. "ಕಾಲು ಹೋದ್ರೂ ಎತ್ತರ ಎಲ್ಲಿಗೆ ಹೋಗ್ತದೆ?"

"ಎತ್ತರ ಅಂದ್ರ ಕಪಾಟೂ ಎತ್ತರ ಐತಿ."

ಎಲ್ಲರೂ ನಕ್ಕರು. ನನ್ನ ಮೈ ಉರಿದುಹೋಯಿತು. ಕೋಪರಖೈರಣೆಯ ಕೋಚ್, ಬೆಂಗಳೂರಿನ ಹೆಂಗಸು, ಹೇಳಿದಳು: "ನಿಂತ್ಕೊಂಡ್ರೆ ಸಾಕು ಬಿಡಿ, ನಮ್ಮಲ್ಲಿ ಎಲ್ಲಾ ಓಡೋರೇ. ಆದ್ರೆ ಗಾಯದ ಕಾಲು, ನಮಗೆ ಲಾಸು. ಇವರ ಜೊತೆ ಒಂದು ಹೊಸ ಬಾಲ್ ಕೊಟ್ರೆ ಸಮ ಆಗುತ್ತೆ."

ಆಮೇಲೆ ಅತ್ತೆಯ ದನಿ: "ಆತು, ಕೊಡ್ರಿ."

ಒದ್ದೆ ಕೈಯಲ್ಲೇ ಒಳಗೆ ಹೋದೆ. ಮ್ಯಾನೇಜರು "ನೀವು ಹೊರಗೆ ಇರ್ಬೇಕಲ್ವಾ" ಎಂದು ಏಳಲು ಹೋದರು, ನನ್ನ ಮುಖ ನೋಡಿ ಕೂತರು.

"ಚೆಂಡು ಕೊಡಬ್ಯಾಡ್ರಿ," ಎಂದೆ. "ನಾನೊಬ್ಬಾಕೀನ ಹೋಗ್ತೀನಿ. ಹೆಚ್ಚಿಗಿ ಹಚ್ಚಿ ಕೊಡೋವಂಥ ಮಾಲು ನಾ ಅಲ್ಲ. ಚೆಂಡು ಬೇಕಂದ್ರ ಚೆಂಡನ್ನ ಒಯ್ಯಿರಿ, ಅದನ್ನ ಬುಟ್ಟಿ ಕೆಳಗ ನಿಂದರಸ್ರಿ."

ಕೋಚ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಬನ್ನಿ" ಎಂದಳು. ಚೆಂಡು ಹೋಟೆಲಿನಲ್ಲೇ ಉಳಿಯಿತು.

ಆ ಸಂಜೆಯೂ ಅತ್ತೆ ಎಣ್ಣೆ ಬಟ್ಟಲು ಹಿಡಿದು ಬಂದರು. ನಾನು ಕಾಲು ಮಡಚಿಕೊಂಡೆ. ನನ್ನ ಗಂಡ ಪೇಪರಿನಲ್ಲಿ ಮುಖ ಹುದುಗಿಸಿದ. ಜಾಣ.

"ಸಭಾದಾಗ ನನ್ನ ಮಾನ ತಗದ್ರಿ," ಎಂದೆ.

"ಮನ್ಯಾಗ ನೀ ಸೊಸಿ. ಅಲ್ಲಿ ನೀ ಸೆಂಟರ್. ಎರಡೂ ಕೂಡಿಸಿ ತಲಿ ಕೆಡಿಸಿಗೋಬ್ಯಾಡ. ಕಾಲು ಚಾಚು."

ಚಾಚಿದೆ. ನೋವಿತ್ತು, ಏನು ಮಾಡಲಿ? ಸಿಟ್ಟು ಮಾತ್ರ ಇಳಿಯಲಿಲ್ಲ. ವಾರಕ್ಕೆರಡು ಸಲ ಆಫೀಸಿನಿಂದ ಠಾಣೆಯಲ್ಲಿ ಗಾಡಿ ಬದಲಿಸಿ ಕೋಪರಖೈರಣೆಗೆ ಹೋಗಿ, ಬೆವರಿಳಿಸಿ, ಮತ್ತೆ ಠಾಣೆ ಹಾದು ಡೊಂಬಿವಲಿಗೆ ಬರುತ್ತಿದ್ದೆ. ಕಪಾಟು ಎಂದವರ ಎದುರಿಗೆ ಗೆಲ್ಲಬೇಕಿತ್ತು.

ಡೊಂಬಿವಲಿಯ ಮೇಲೆ ಆಡುವ ದಿನ ಅತ್ತೆ ಎಂದಿನ ಕಟ್ಟೆಯ ಮೇಲೆ, ಡೊಂಬಿವಲಿಯ ಕಡೆಗೇ ಕೂತಿದ್ದರು. ನನ್ನ ಎದುರು ನಿಂತವಳು ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ಹುಡುಗಿ, ನಾನೇ ಕಲಿಸಿದವಳು. ಆಟ ಮುಗಿಯುತ್ತ ಬಂದಿತ್ತು, ನಾವು ಒಂದು ಪಾಯಿಂಟ್ ಹಿಂದೆ. ಬುಟ್ಟಿಗೆ ಬೆನ್ನು ಹಾಕಿ ನಿಂತ ನನ್ನ ಕೈಗೆ ಚೆಂಡು ಬಂತು. ಆಗ ಕಟ್ಟೆಯಿಂದ ಆ ಪರಿಚಿತ ದನಿ:

"ಆಕಿ ಎಡಕ್ಕ ತಿರಗ್ತಾಳವಾ. ಬಲಗಾಲಿನ ಮ್ಯಾಲೆ ಭಾರ ಹಾಕಂಗಿಲ್ಲ. ಎಡಕ್ಕ ಅಡ್ಡಗಟ್ಟು."

"ಸಮಜಲಾ, ಆಜಿ," ತಿಳಿಯಿತು ಅಜ್ಜಿ ಎಂದು ಮರಾಠಿಯಲ್ಲೇ ಹೇಳಿದ ಹುಡುಗಿ ನನ್ನ ಎಡಕ್ಕೆ ಸರಿದು ನಿಂತಳು.

ಸತ್ಯವೇ. ಗಾಯವಾದಂದಿನಿಂದ ನಾನು ತಿರುಗುವುದು ಎಡಕ್ಕೆ ಮಾತ್ರ. ಅದು ತಿಳಿದಿದ್ದದ್ದು ನನಗೆ, ಮತ್ತು ಎಣ್ಣೆ ಹಚ್ಚುವ ಆ ಕೈಗೆ. ಹಲ್ಲು ಕಚ್ಚಿ ಬಲಗಾಲನ್ನು ನೆಲಕ್ಕೆ ಊರಿದೆ, ಪೂರ್ತಿ ಭಾರ ಹಾಕಿದೆ, ಬಲಕ್ಕೆ ತಿರುಗಿದೆ. ಕಣ್ಣಲ್ಲಿ ನೀರು ಬಂತು. ಅಲ್ಲಿ ಯಾರೂ ಇರಲಿಲ್ಲ. ಜಿಗಿಯಬೇಕಾಗಲಿಲ್ಲ, ಕೈ ಎತ್ತಿ ಚೆಂಡನ್ನು ಬುಟ್ಟಿಗೆ ಹಾಕಿದೆ.

ಗೆದ್ದೆವು. ಕಟ್ಟೆಯ ಕಡೆ ನೇರವಾಗಿ ನೋಡಿದೆ. ಅತ್ತೆ ಕೈಚೀಲ ಹೆಗಲಿಗೆ ಹಾಕಿಕೊಂಡು, ಮ್ಯಾನೇಜರ ಜೊತೆ ಏನೋ ವಾದಿಸುತ್ತಿದ್ದರು. ಬಹುಶಃ ನನ್ನನ್ನು ವಾಪಸು ತರುವ ಮಾತು.

ಮನೆಗೆ ಬಂದವರೇ ಎಣ್ಣೆ ಕಾಯಿಸಿದರು. ಊದಿದ ಮೊಣಕಾಲನ್ನು ಎಂದಿಗಿಂತ ಮೆಲ್ಲಗೆ ತಿಕ್ಕಿದರು. ಸೋತ ಸಿಟ್ಟು ಮುಖದಲ್ಲಿ ಎದ್ದು ಕಾಣುತ್ತಿತ್ತು.

"ಭಾಳ ನೂಸತೈತೇನು?"

"ನೂಸತೈತಿ."

ತುಸು ಹೊತ್ತು ತಿಕ್ಕಿ, ತಲೆ ಎತ್ತದೆ ಕೇಳಿದರು: "ಇನ್ನೊಂದು ಸಲ ನಮ್ಮ ಮ್ಯಾಲೆ ಆಡೂವಾಗ ಯಾವ ಕಡೆ ತಿರಗ್ತಿ?"

ಕಾಲನ್ನು ಅವರ ಕೈಯಲ್ಲೇ ಬಿಟ್ಟೆ. ಉತ್ತರ ಮಾತ್ರ ಹೇಳಲಿಲ್ಲ.