ಜಾಕಿ ಹಿಡಿಯಲು ಕಲಿಸಿದವರು

ನನಗಾಗ ಐವತ್ತೆಂಟು. ಹನ್ನೊಂದು ವರ್ಷದ ಹಿಂದಿನ ಮಾತು. ನಮ್ಮ ಎಸ್ಟೇಟಿನ ಜೀಪು ಓಡಿಸುತ್ತಿದ್ದ ಡ್ರೈವರಣ್ಣನ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿನ ಜಾಗದಲ್ಲಿ ಹುಣಸೆಬೀಜದಂಥ ಗಟ್ಟಿ ಚರ್ಮ. ಕೆಲಸ ಕಲಿಯುವ ಕಾಲದಲ್ಲಿ ಉದ್ದ ಜಾಕಿ ಅದನ್ನು ತಿಂದಿತ್ತು. ಜೀಪಿಗೆ ಹೊಸಬರು ಯಾರೇ ಹತ್ತಲಿ, ಆ ಬೆರಳನ್ನು ಅವರ ಮೂಗಿನ ಹತ್ತಿರ ಹಿಡಿದು, "ನೋಡ್ಕಳಿ, ಜಾಕಿಗೆ ನಾನು ಕಟ್ಟಿದ ಫೀಸು" ಎನ್ನುತ್ತಿದ್ದರು.

ಬಾಳೂರು ಕಡೆ ಕೂಲಿಯವರಿಗೆ ಕಟ್ಟಿದ ನಮ್ಮ ಲೈನ್ ಮನೆಗಳಿಂದ ಮೇಲಿನ ಕಾಫಿ ತೋಟಕ್ಕೆ ನಾಲ್ಕು ಮೈಲಿ. ಅದನ್ನು ರಸ್ತೆ ಅಂದವರಿಗೆ ನಾಚಿಕೆ ಆಗಬೇಕು. ಹನ್ನೆರಡು ಹೆಂಗಸರು ಜೀಪಿನ ಹಿಂದೆ ಕೂರುತ್ತಿದ್ದೆವು. ಮಳೆ ಹಿಡಿಯಿತೆಂದರೆ ವಾರಕ್ಕೆ ಎರಡು ಸಲವಾದರೂ ಗಾಲಿ ಹೂತುಹೋಗುತ್ತಿತ್ತು. ಆಗ ಉದ್ದ ಜಾಕಿಯೇ ಗತಿ. ನನ್ನ ಎದೆಯ ಎತ್ತರದ ಕಬ್ಬಿಣದ ಕಂಬಿ, ಅದರ ಉದ್ದಕ್ಕೂ ತೂತು. ಹಿಡಿ ಒತ್ತಿದಂತೆಲ್ಲ ಎರಡು ಪಿನ್ನುಗಳು ಒಂದಾದ ಮೇಲೊಂದು ತೂತಿಗೆ ಹೊಕ್ಕು, ಜೀಪನ್ನು ಹೊತ್ತುಕೊಂಡು ಮೇಲೆ ಹತ್ತುತ್ತವೆ.

ಅದನ್ನು ಹಿಡಿಯಲು ಡ್ರೈವರಣ್ಣ ಕರೆದದ್ದು ನನ್ನನ್ನು. "ಗಂಡಸ್ರಿಗೆ ಕೊಟ್ರೆ ಬಲ ತೋರ್ಸಕ್ಕೆ ಹೋಗ್ತಾರೆ. ನಿಂಗೆ ಗಾಬ್ರಿ ಇಲ್ಲ, ಬಾ" ಎಂದರು. ಎಲ್ಲವನ್ನೂ ಕಲಿಸಿದರು. ಮೊದಲು ಉಳಿದ ಗಾಲಿಗಳಿಗೆ ಕಲ್ಲು ಕೊಡಬೇಕು. ಕೆಸರಾದರೆ ಜಾಕಿಯ ಪಾದದಡಿ ಹಲಗೆ ಇಡಬೇಕು. ಕಂಬಿ ನೆಟ್ಟಗಿರಬೇಕು, ವಾಲಿದರೆ ಇಳಿಸಿ ಮತ್ತೆ ಮೊದಲಿಂದ. ಹಿಡಿಗೆ ಎರಡೂ ಕೈ, ಅರ್ಧಕ್ಕೆ ಬಿಡುವಂತಿಲ್ಲ. ಹಿಡಿಗೂ ಕಂಬಿಗೂ ನಡುವೆ ತಲೆ ತರುವಂತಿಲ್ಲ. ಜಾಕಿಯ ಮೇಲೆ ನಿಂತ ಜೀಪಿನಡಿಗೆ ನುಗ್ಗುವ ಮಾತೇ ಇಲ್ಲ.

"ಎತ್ತುವಾಗ ಅಲ್ಲ ಮಾರಾಯ್ತಿ, ಇಳಿಸುವಾಗ ಕೊಲ್ತದೆ ಇದು. ಹಿಡಿ ಓಡಾಡೋ ಜಾಗದಲ್ಲಿ ದೇವ್ರು ಬಂದ್ರೂ ನಿಲ್ಲಿಸ್ಬೇಡ" ಎನ್ನುತ್ತಿದ್ದರು.

ಜಾಕಿಯನ್ನು ಜೀಪಿನ ಹಿಂಬದಿಗೆ ಎರಡು ಬೋಲ್ಟು ಹಾಕಿ ಬಿಗಿದು, ಹಿಡಿಯನ್ನು ಕಂಬಿಗೆ ಸೇರಿಸಿ ಹಳೆ ಟ್ಯೂಬಿನ ಪಟ್ಟಿಯಿಂದ ಕಟ್ಟುತ್ತಿದ್ದರು. ಪಿನ್ನಿಗೆ ಕೆಸರು ಹಾರದಂತೆ ಗೊಬ್ಬರದ ಚೀಲ ಸುತ್ತುತ್ತಿದ್ದರು. ಒಮ್ಮೆ ಮೇಸ್ತ್ರಿ, ಬೋಲ್ಟು ಬಿಗಿಯುವ ಸೋಮಾರಿತನಕ್ಕೆ, ಅದನ್ನು ನಮ್ಮ ಕಾಲಡಿಗೆ ಎಸೆದ. ಡ್ರೈವರಣ್ಣ ಜೀಪು ನಿಲ್ಲಿಸಿಬಿಟ್ಟರು. "ಗಾಡಿ ಮಗುಚಿದ್ರೆ ಇದೇ ಮೊದ್ಲು ತಲೆ ಒಡೆಯದು. ಅದು ಹೊರಗೆ ಹೋಗ್ಬೇಕು, ಇಲ್ಲ ನೀನು ಹೊರಗೆ ಹೋಗ್ಬೇಕು. ಎಂತ ಮಾಡ್ತೀಯ?" ಮೇಸ್ತ್ರಿ ಮಳೆಯಲ್ಲಿ ಇಳಿದು ಬೋಲ್ಟು ಬಿಗಿದ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಪ್ರತಿ ಭಾನುವಾರ ಪಿನ್ನುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಉಗುರಿಲ್ಲದ ಆ ಬೆರಳಿನಿಂದ ಅಂಚು ಸವರಿ ನೋಡುತ್ತಿದ್ದರು. ಅಂಚು ಸವೆದು ಉರುಟಾದರೆ ಜಾಕಿ ಸತ್ತ ಹಾಗೆ ಎಂದು ಹೇಳಿಕೊಟ್ಟಿದ್ದರು. ನಾನೆಂದೂ ಮುಟ್ಟಿ ನೋಡಲಿಲ್ಲ. ಅವರು ನೋಡಿದ್ದಾರಲ್ಲ, ಸಾಕು.

ಆ ವರ್ಷ ಅವರ ಭಾವಮೈದ ಹಳೆ ಕಾಫಿ ಗಿಡ ತೆಗೆಸುತ್ತಿದ್ದ. ಒಂದು ಸೋಮವಾರ ಜಾಕಿಯ ತೂತುಗಳಲ್ಲಿ ಬೇರಿನ ಸಿಪ್ಪೆ ಸಿಕ್ಕಿಕೊಂಡಿತ್ತು.

"ಎಂತ ಅಣ್ಣ ಇದು?"

"ಭಾವಮೈದನ ತೋಟದಲ್ಲಿ ಸರಪಳಿ ಕಟ್ಟಿ ನಾಲ್ಕು ಬೊಡ್ಡೆ ಕಿತ್ತೆ."

"ಇದ್ರಲ್ಲಾ? ಪಿನ್ನು ನೋಡಿದ್ರಾ?"

"ನೋಡದೆ ಇರ್ತೀನಾ? ಹತ್ತು ಹತ್ತು, ಹೊತ್ತಾಯ್ತು."

ಹತ್ತಿದೆ. ಮೂರು ದಿನ ಕಳೆದು ಗಾಲಿ ಹೂತಿತು. ಕಲ್ಲು ಕೊಟ್ಟೆವು, ಹಲಗೆ ಇಟ್ಟೆವು, ನಾನು ಎತ್ತಿದೆ. ಗಾಲಿಯಡಿ ಚಪ್ಪಡಿ ತುಂಬಿ, ಇಳಿಸಲು ಶುರು ಮಾಡಿದೆ. ಪಕ್ಕದ ಮನೆಯ ನನ್ನ ಗೆಳತಿ ದೂರದಲ್ಲಿ ನಿಂತಿದ್ದಳು. ಮೂವತ್ತು ವರ್ಷ ಒಂದೇ ಸಾಲಿನಲ್ಲಿ ಹಣ್ಣು ಕುಯ್ದವರು ನಾವು. ಡ್ರೈವರಣ್ಣನೇ ಕೂಗಿದರು: "ಹಲಗೆ ತೆಗಿ ಬಾರೇ, ಸಾಹುಕಾರ್ರು ಕಾಯ್ತಿದಾರೆ!" ಅವಳು ಬಂದು ಬಗ್ಗಿದಳು. ನಾನು "ಬೇಡ" ಅನ್ನುವಷ್ಟರಲ್ಲಿ ಪಿನ್ನು ಜಾರಿತು. ಹಿಡಿ ನನ್ನ ಎರಡೂ ಅಂಗೈ ಚರ್ಮ ಸುಲಿದುಕೊಂಡು ಮೇಲೆ ಹಾರಿ ಅವಳ ದವಡೆಗೆ ಬಡಿಯಿತು. ಒಣಗಿದ ಸೌದೆ ಮುರಿದಂಥ ಸದ್ದು.

ಅವಳನ್ನು ಸಾಹುಕಾರರ ಕಾರಿನಲ್ಲಿ ಮೂಡಿಗೆರೆಗೆ ಒಯ್ದರು. ಡ್ರೈವರಣ್ಣ ಜೊತೆಗೆ ಹೋದರು. ನಾನು ಕೈಗೆ ಬಟ್ಟೆ ಸುತ್ತಿಕೊಂಡು ಬಸ್ಸಿನಲ್ಲಿ ಹೋದೆ. ಆಸ್ಪತ್ರೆಯ ಬಾಗಿಲಲ್ಲೇ ಸಾಹುಕಾರರು ಕೇಳಿದರು: "ಹಿಡಿ ಯಾಕೆ ಬಿಟ್ಟೆ?"

"ನಾನು ಬಿಡ್ಲಿಲ್ಲ ಅಯ್ಯಾ. ಪಿನ್ನು ಜಾರ್ತು."

ಸಾಹುಕಾರರು ಡ್ರೈವರಣ್ಣನ ಕಡೆ ತಿರುಗಿದರು. ಅವರು ನೆಲ ನೋಡುತ್ತಾ ಹೇಳಿದರು: "ಹೆಂಗಸ್ರ ಕೈ ಅಯ್ಯಾ, ಬಿಟ್ಟುಹೋಯ್ತು. ಅವಳಿಗೆ ಬೈಬೇಡಿ. ಅವಳ ಕೈಗೆ ಕೊಟ್ಟಿದ್ದು ನಂದೇ ತಪ್ಪು."

ಆ ದೊಡ್ಡತನಕ್ಕೆ ಸಾಹುಕಾರರು ಅವರ ಹೆಗಲು ತಟ್ಟಿದರು. ಬೈದಿದ್ದರೆ, ಸುಳ್ಳಿ ಅಂದಿದ್ದರೆ ನಾನೂ ತಿರುಗಿ ಅನ್ನುತ್ತಿದ್ದೆ. ನನ್ನ ಪರ ವಹಿಸಿ ನನ್ನನ್ನು ಮುಗಿಸಿದರು. ಒಳಗೆ ಹೋದರೆ ಗೆಳತಿ ನನ್ನನ್ನು ನೋಡಿ ಗೋಡೆಗೆ ತಿರುಗಿ ಮಲಗಿದಳು. ಅವಳ ಕಿವಿಗೂ ಅದೇ ಮಾತು ಬಿದ್ದಿತ್ತು.

ಗೇಟಿನ ಹತ್ತಿರ ಡ್ರೈವರಣ್ಣನನ್ನು ಹಿಡಿದೆ. "ಬೊಡ್ಡೆ ಕಿತ್ತ ಮೇಲೆ ನೀವು ಪಿನ್ನು ನೋಡ್ಲೇ ಇಲ್ಲ ಅಲ್ವಾ?"

"ಮೆಲ್ಲಗೆ ಮಾತಾಡು. ನಿಂಗೆ ಕೆಲ್ಸ ಹೋಗಲ್ಲ ಮಾರಾಯ್ತಿ, ನಂಗೆ ಹೋಗ್ತದೆ. ಹೊತ್ಕಂಡ್ಬಿಡು. ನಾಲ್ಕು ದಿನ ಅಂತಾರೆ, ಮರೀತಾರೆ."

"ಅವಳು ಮರೀತಾಳಾ?"

ಅವರು ನನ್ನ ಕೈಗೆ ಸುತ್ತಿದ ಬಟ್ಟೆ ನೋಡಿದರು, ಬೀಡಿ ಹಚ್ಚಿದರು.

ಅವರು ಹೋದ ವರ್ಷ ತೀರಿಕೊಂಡರು. ಕೊನೆಯವರೆಗೂ ಅವರನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ, ಆ ದಾರಿಗೆ ಬೇರೆ ಡ್ರೈವರು ಸಿಗಬೇಕಲ್ಲ. ನನ್ನೆದುರು ಒಂದು ದಿನವೂ "ತಪ್ಪಾಯ್ತು" ಅನ್ನಲಿಲ್ಲ. ಹೆಣ ನೋಡಲು ಹೋಗಿದ್ದೆ. ಅಳು ಬರಲಿಲ್ಲ. ಗೆಳತಿಯ ದವಡೆ ಸೊಟ್ಟಗೆ ಕೂಡಿದೆ, ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುತ್ತಾಳೆ. ನನ್ನ ಜೊತೆ ಮಾತಾಡುತ್ತಾಳೆ. ಹಾಗೆಂದು ಅವರು ಕಲಿಸಿದ್ದು ಸುಳ್ಳೆಂದು ನಾನು ಹೇಳಲಾರೆ. ಇವತ್ತಿಗೂ ಯಾರಾದರೂ ಜಾಕಿ ಇಳಿಸುತ್ತಿದ್ದರೆ ಸುತ್ತ ನಿಂತವರನ್ನು ಬೈದು ಆಚೆ ಕಳಿಸುತ್ತೇನೆ. ಬೈಯುವ ಮಾತೂ ಅವರದೇ. ಇಷ್ಟು ಸರಿಯಾಗಿ ಬಲ್ಲವರು ಅಷ್ಟು ಸುಲಭವಾಗಿ ಸುಳ್ಳು ಹೇಳಿದರಲ್ಲ, ಅದು ನನಗೆ ಜೀರ್ಣವಾಗಿಲ್ಲ.

ಆಗ, ನಾನು ಆಸ್ಪತ್ರೆಯಿಂದ ಬಂದ ಮರುದಿನ ಬೆಳಿಗ್ಗೆ ಏಳಕ್ಕೆ ಜೀಪು ಬಂತು. ಜಾಕಿಯನ್ನು ತೊಳೆದು ಮತ್ತೆ ಹಿಂದಕ್ಕೆ ಬಿಗಿದಿದ್ದರು. ಹೆಂಗಸರು ಹತ್ತಿ ಕೂತರು, ಯಾರೂ ನನ್ನ ಮುಖ ನೋಡಲಿಲ್ಲ. ನಾನು ಸೀಟಿನಡಿಯ ಪಾನ ತೆಗೆದು, ಉರಿಯುವ ಕೈಯಲ್ಲೇ ಬೋಲ್ಟು ಬಿಚ್ಚಿ ಜಾಕಿ ಇಳಿಸಿದೆ.

"ಎಂತ ಮಾಡ್ತೀಯ?" ಡ್ರೈವರಣ್ಣ ಇಳಿದು ಬಂದರು.

ಬಂಪರಿನಡಿ ಜಾಕಿ ನಿಲ್ಲಿಸಿದೆ. "ಜಾಕಿ ಸರಿ ಇದ್ರೆ ನೀವೇ ಎತ್ತಿ ಇಳ್ಸಿ. ನಿಮ್ಮ ಕೈ ಗಂಡಸ್ರ ಕೈ, ಬಿಡಲ್ಲ. ಅವಳು ಬಗ್ಗಿದ್ದ ಜಾಗದಲ್ಲಿ ನಾನು ಕೂರ್ತೀನಿ."

ಕೂತೆ. ಮುಖವನ್ನು ಹಿಡಿಯ ದಾರಿಗೇ ಇಟ್ಟು ಕೂತೆ. ಜೀಪಿನಲ್ಲಿದ್ದ ಹತ್ತು ತಲೆಗಳು ಹೊರಗೆ ಬಂದವು. ಡ್ರೈವರಣ್ಣ ಹಿಡಿಯ ಹತ್ತಿರ ಕೈ ತಂದರು. ನನ್ನ ಮುಖ ನೋಡಿದರು. ಕೈ ಹಿಂದಕ್ಕೆ ತೆಗೆದು ಸೊಂಟದ ಟವೆಲಿಗೆ ಒರೆಸಿಕೊಂಡರು.

"ಏಳು ಮಾರಾಯ್ತಿ" ಎಂದರು.

ಎದ್ದೆ. ಜಾಕಿಯನ್ನು ಹೆಗಲ ಮೇಲೆ ಹಾಕಿಕೊಂಡು ಸಾಹುಕಾರರ ಬಂಗಲೆಗೆ ನಡೆದೆ.