ಕಲೈಸೆಲ್ವಿಯ ಕೈಯಕ್ಷರ

ತಮಿಳುನಾಡಿನ ಕಂಬಮ್ ಊರಿನ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಕಲೈಸೆಲ್ವಿಯ ಡಿಟಿಪಿ ಅಂಗಡಿ. ಮದುವೆ ಪತ್ರಿಕೆ, ಫ್ಲೆಕ್ಸು, ಮಸಾಲೆ ಪೊಟ್ಟಣದ ಲೇಬಲ್ಲು ಎಲ್ಲ ಅಲ್ಲೇ ಆಗಬೇಕು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತಮಿಳು. ಸಿಟ್ಟು ಬಂದರೆ ಎರಡೂ ಒಟ್ಟಿಗೆ.

ಒಮ್ಮೆ ಕಾಮಯಗೌಂಡನ್‌ಪಟ್ಟಿಯ ವೇಲುಸಾಮಿ ತನ್ನ ದ್ರಾಕ್ಷಿರಸದ ಬಾಟಲಿಗೆ ಲೇಬಲ್ ಮಾಡಿಸಲು ಬಂದ. ಅಚ್ಚಿನ ಅಕ್ಷರ ನೋಡಿ ಮುಖ ಸಿಂಡರಿಸಿದ. "ಏನ್ ತಾಯೀ, ಬ್ಯಾಂಕ್ ನೋಟೀಸ್ ಇದ್ದಂಗದೆ! ಮನೇಲಿ ಮಾಡಿದ್ದು ಅಂತ ಅನ್ನಿಸಬೇಡ್ವಾ?"

ಕಲೈಸೆಲ್ವಿ ಮಾರ್ಕರ್ ಹಿಡಿದು ತಾನೇ ಬರೆದುಕೊಟ್ಟಳು. ಅದನ್ನು ನೋಡಿದವರೆಲ್ಲ ತಮಗೂ ಹಾಗೇ ಬೇಕೆಂದರು. ಎಷ್ಟೆಂದು ಬರೆಯುವುದು? ತನ್ನ ತಮಿಳು ಅಕ್ಷರಗಳನ್ನೇ ಒಂದೊಂದಾಗಿ ಕಂಪ್ಯೂಟರಿಗೆ ಹಾಕಿ ಫಾಂಟ್ ಮಾಡಿಬಿಟ್ಟಳು. ಕೊಂಚ ಬಲಕ್ಕೆ ವಾಲಿದ, ಸಾಲಿನ ಮೇಲೆ ನೆಟ್ಟಗೆ ಕೂರದ, ಸುರುಳಿ ಪೂರ್ತಿ ಮುಚ್ಚದ ಅಕ್ಷರಗಳು. ಪದೇಪದೇ ಬರುವ ಅಕ್ಷರಕ್ಕೆ ಎರಡೆರಡು ರೂಪ ಕೊಟ್ಟಳು. ಮನುಷ್ಯರ ಕೈ ಒಂದೇ ಥರ ಎರಡು ಸಲ ಬರೆಯುವುದಿಲ್ಲವಲ್ಲ. ಟೀ ಅಂಗಡಿಯ ಬೋರ್ಡು, ಕಿವಿ ಚುಚ್ಚುವ ಶಾಸ್ತ್ರದ ಪತ್ರಿಕೆ, ಬೋಡಿಮೆಟ್ಟಿನ ಏಲಕ್ಕಿ ಪೊಟ್ಟಣ, ಎಲ್ಲೆಲ್ಲೂ ಅದೇ. ಬಸ್ಸಿನಲ್ಲಿ ಹೋಗುವಾಗ ಗಂಡ ಸೆಂದಿಲ್‌ಕುಮಾರನ ತೋಳು ತಿವಿದು, "ನೋಡಿ, ನನ್ನ ಕೈ!" ಎನ್ನುತ್ತಿದ್ದಳು.

ಪಕ್ಕದ ಸ್ಟುಡಿಯೋದ ಜೀವಾನಿಗೂ ಆ ಫಾಂಟ್ ಕೊಟ್ಟಿದ್ದಳು. ಅವನ ಅಜ್ಜಿ ಮೂಕಮ್ಮಾಳ್ ತೀರಿಕೊಂಡಾಗ ಶ್ರದ್ಧಾಂಜಲಿ ಫ್ಲೆಕ್ಸನ್ನು ಪೂರ್ತಿ ಅದರಲ್ಲೇ ಮಾಡಿದ. ಅಜ್ಜಿಯ ಮಗ ರಂಗಸಾಮಿ ಸೋದರಳಿಯ ಜೀವಾನನ್ನು ಎಳೆದುಕೊಂಡು ಕಲೈಸೆಲ್ವಿಯ ಅಂಗಡಿಗೇ ನುಗ್ಗಿದ.

"ಸತ್ತಿರೋದು ನಮ್ಮವ್ವ! ಅಕ್ಷರ ನೋಡಿದ್ರೆ ಕುಣೀತಾವೆ!"

"ಅಜ್ಜಿಗೆ ಅಕ್ಕನ ಅಕ್ಷರ ಅಂದ್ರೆ ಇಷ್ಟ ಮಾಮಾ, ಅದಕ್ಕೇ..." ಜೀವಾ ತಲೆ ತಗ್ಗಿಸಿದ.

ಕಲೈಸೆಲ್ವಿ ಜೀವಾನ ಮೊಬೈಲಿನಲ್ಲಿ ಆ ಫ್ಲೆಕ್ಸಿನ ಚಿತ್ರ ನೋಡಿದಳು. ತಾರೀಖು, ಹೊತ್ತು, ಜಾಗ ಎಲ್ಲ ತೂಗಾಡುತ್ತಿದ್ದವು. ತನ್ನ ಕೈಯೇ ಸಾವಿನ ಮನೆಯಲ್ಲಿ ಹಲ್ಲು ಕಿರಿದಂತೆ ಕಂಡು ಅವಳ ಮೋರೆ ಸಣ್ಣಗಾಯಿತು.

ರಂಗಸಾಮಿಯನ್ನು ಕೂರಿಸಿ ಟೀ ತರಿಸಿದಳು. "ಅವ್ವ ಹೆಂಗಿದ್ರು ಅಣ್ಣಾ? ನಾನು ದೂರದಿಂದ ನೋಡಿದ್ದಷ್ಟೇ."

"ಅವ್ಳಾ? ದ್ರಾಕ್ಷಿ ತೋಟಕ್ಕೆ ಬಂದ ಕೂಲಿಯೋರಿಗೆಲ್ಲ ಒಂದೊಂದು ಅಡ್ಡಹೆಸರು ಇಟ್ಟಿದ್ಲು. ತೂಕ ಹಾಕೋವಾಗ ನಿದ್ದೆ ಹೊಡೆಯೋ ವ್ಯಾಪಾರಿಗೆ ಅವನ ಎದುರಿಗೇ 'ತೂಕಡಿಕೆ' ಅಂತಿದ್ಲು..." ಹೇಳುತ್ತಾ ಹೇಳುತ್ತಾ ಅವನಿಗೇ ನಗು ಬಂತು. ಆಮೇಲೆ ಟವೆಲಿನಿಂದ ಕಣ್ಣೊರೆಸಿಕೊಂಡ.

ಅವಳು ಫ್ಲೆಕ್ಸನ್ನು ಹೊಸದಾಗಿ ಜೋಡಿಸಿದಳು. ವಿವರವೆಲ್ಲ ನೇರ, ಗಂಭೀರ ಅಕ್ಷರದಲ್ಲಿ. ಫೋಟೋದ ಕೆಳಗೆ 'ಮೂಕಮ್ಮಾಳ್' ಎಂಬ ಹೆಸರೊಂದು ಮಾತ್ರ ತನ್ನ ಕೈಯಕ್ಷರದಲ್ಲಿ, ದೊಡ್ಡದಾಗಿ. ರಂಗಸಾಮಿ ಪರದೆಯ ಹತ್ತಿರಕ್ಕೆ ಬಗ್ಗಿ ನೋಡಿದ.

"ಅವಳೇ ಸಹಿ ಹಾಕ್ದಂಗದೆ," ಎಂದ. "ಸಹಿ ಹಾಕೋಕೆ ಬರ್ತಿರ್ಲಿಲ್ಲ ಅವ್ಳಿಗೆ."

ಸಂಜೆಗೆ ತೋಟದ ಮೂಲೆಯಲ್ಲಿ ಫ್ಲೆಕ್ಸ್ ಏರಿತು. ಹಗ್ಗವನ್ನು ರಂಗಸಾಮಿಯೇ ಕಟ್ಟಿದ. ಕೆಳಗೆ ನಿಂತ ಜೀವಾ "ಸ್ವಲ್ಪ ಎಡಕ್ಕೆ ಮಾಮಾ" ಎನ್ನುತ್ತಿದ್ದ.